ತಂತಿಯ ಲೆಕ್ಕ ಬೇರೆ, ವೈಫೈ ಲೆಕ್ಕ ಬೇರೆ

ಅಕ್ಕ, ನಿಮ್ಮ ಮನೆಗೆ ವೈಫೈ ಬಂದಿದೆಯೇ? ನಿಮ್ಮ ಮನೆಗೆ ಬಾರದಿದ್ದರೆ ಪಕ್ಕದ ಮನೆಗೆ ಬಂದಿರಬಹುದು. ಅಂಗಡಿಗೆ, ಪಂಚಾಯಿತಿ ಕಚೇರಿಗೆ, ಗ್ರಾಮ ಒನ್ ಕೇಂದ್ರಕ್ಕೆ ಬಂದಿರಬಹುದು. ಕಂಬದಿಂದ ಕಂಬಕ್ಕೆ ಕಪ್ಪು ತಂತಿ ಎಳೆದಿರುತ್ತಾರೆ. ಆ ತಂತಿ ಮನೆಯೊಳಗೆ ಬರುತ್ತದೆ. ಗೋಡೆಯ ಮೇಲೆ ಒಂದು ಪುಟ್ಟ ಡಬ್ಬಿ. ಅದಕ್ಕೆ ಎರಡೋ ನಾಲ್ಕೋ ಕೊಂಬು. ಮುಂದೆ ಹಸಿರು ದೀಪಗಳು ಮಿಣಮಿಣ ಅನ್ನುತ್ತಿರುತ್ತವೆ. ಈ ಡಬ್ಬಿಗೆ ರೂಟರ್ ಅಂತ ಹೆಸರು. ಮನೆಮಂದಿ ವೈಫೈ ಡಬ್ಬಿ ಅಂತಲೇ ಕರೆಯುತ್ತಾರೆ. ನಾವೂ ಹಾಗೇ ಕರೆಯೋಣ.

ಈಗ ಎರಡು ಕೆಲಸ ಮಾಡಿ. ಮೊದಲು ವೈಫೈ ಬಿಲ್ಲನ್ನು ಕೈಗೆ ತೆಗೆದುಕೊಳ್ಳಿ. ಅದರಲ್ಲಿ ಒಂದು ಸಂಖ್ಯೆ ಇರುತ್ತದೆ. 30 ಎಂಬಿಪಿಎಸ್ ಅಂತಲೋ, 50 ಎಂಬಿಪಿಎಸ್ ಅಂತಲೋ, 100 ಎಂಬಿಪಿಎಸ್ ಅಂತಲೋ ಬರೆದಿರುತ್ತದೆ. ಆಮೇಲೆ ಮೊಬೈಲಿನಲ್ಲಿ ಸೆಟ್ಟಿಂಗ್ಸ್ ತೆರೆಯಿರಿ. ವೈಫೈ ಹೆಸರನ್ನು ಒತ್ತಿ. ಅಲ್ಲಿ ಲಿಂಕ್ ಸ್ಪೀಡ್ ಅಂತ ಇನ್ನೊಂದು ಸಂಖ್ಯೆ ಕಾಣಬಹುದು. 72 ಅಂತ ಇರಬಹುದು. 144 ಅಂತ ಇರಬಹುದು. ಕೆಲವು ಮೊಬೈಲಿನಲ್ಲಿ 433 ಅಂತಲೂ ಇರುತ್ತದೆ.

ಬಿಲ್ಲಿನಲ್ಲಿ 30. ಮೊಬೈಲಿನಲ್ಲಿ 144. ಯಾವುದು ಸರಿ? ಯಾವುದು ಸುಳ್ಳು?

ಎರಡೂ ಸರಿ. ಆದರೆ ಎರಡೂ ಬೇರೆ ಬೇರೆ ದಾರಿಯ ಲೆಕ್ಕ. ಇದು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಸುಮ್ಮನೆ ದುಡ್ಡು ಹೋಗುತ್ತಿದೆ.

ಎರಡು ದಾರಿ

ಮೊದಲನೆಯದು ಊರಿನಿಂದ ನಿಮ್ಮ ಡಬ್ಬಿಯವರೆಗಿನ ದಾರಿ. ಇದು ತಂತಿಯ ದಾರಿ. ಈಗ ಹೆಚ್ಚಿನ ಕಡೆ ಬರುವುದು ಗಾಜಿನ ತಂತಿ. ಒಳಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ ಇರುತ್ತದೆ. ಅದರಲ್ಲಿ ಕರೆಂಟು ಹರಿಯುವುದಿಲ್ಲ, ಬೆಳಕು ಹರಿಯುತ್ತದೆ. ಇದಕ್ಕೆ ಫೈಬರ್ ಅಂತಾರೆ. ದೇಶದ ಗ್ರಾಮ ಪಂಚಾಯಿತಿಗಳಿಗೆಲ್ಲ ಈ ತಂತಿ ಮುಟ್ಟಿಸಬೇಕು ಅಂತ ಕೇಂದ್ರ ಸರ್ಕಾರ 2011ರಲ್ಲಿ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆ ಯೋಜನೆಗೆ ಈಗ ಭಾರತ್‌ನೆಟ್ ಅಂತ ಹೆಸರು. ತಿಂಗಳು ತಿಂಗಳು ನೀವು ದುಡ್ಡು ಕೊಡುವುದು ಈ ತಂತಿಯ ದಾರಿಗೆ. ಬಿಲ್ಲಿನಲ್ಲಿ ಇರುವ ಸಂಖ್ಯೆ ಇದರದ್ದು.

ಎರಡನೆಯದು ಡಬ್ಬಿಯಿಂದ ನಿಮ್ಮ ಕೈಯಲ್ಲಿರುವ ಮೊಬೈಲಿನವರೆಗಿನ ದಾರಿ. ಇಲ್ಲಿ ತಂತಿ ಇಲ್ಲ. ರೇಡಿಯೊಗೆ ಹಾಡು ಗಾಳಿಯಲ್ಲಿ ಬರುತ್ತದಲ್ಲ, ಹಾಗೆ ಅಲೆಯಾಗಿ ಬರುತ್ತದೆ. ಇದೇ ವೈಫೈ. ಇದು ಹತ್ತು ಹದಿನೈದು ಮಾರಿನ ದಾರಿ ಅಷ್ಟೆ. ಮೊಬೈಲಿನಲ್ಲಿ ಕಾಣುವ ಲಿಂಕ್ ಸ್ಪೀಡ್ ಈ ದಾರಿಯದ್ದು.

ನೀರಿನ ಲೆಕ್ಕ ನಮಗೆಲ್ಲ ಗೊತ್ತಿದೆ. ಊರ ಟ್ಯಾಂಕಿನಿಂದ ನಿಮ್ಮ ಮನೆಗೆ ಅರ್ಧ ಇಂಚಿನ ಪೈಪು ಬಂದಿದೆ ಅಂತ ಇಟ್ಟುಕೊಳ್ಳಿ. ಒಂದು ಕೊಡ ತುಂಬಲು ಎರಡು ನಿಮಿಷ ಬೇಕು. ನಿಮಗೆ ಬೇಜಾರಾಯಿತು. ಅಂಗಡಿಗೆ ಹೋಗಿ ಎರಡು ಇಂಚಿನ ದಪ್ಪ ಪೈಪು ತಂದಿರಿ. ನಲ್ಲಿಯ ಬಾಯಿಗೆ ಅದನ್ನು ಸಿಕ್ಕಿಸಿದಿರಿ. ಆಗ ಕೊಡ ಬೇಗ ತುಂಬುತ್ತದೆಯೇ?

ಇಲ್ಲ. ಟ್ಯಾಂಕಿನಿಂದ ಬರುವ ನೀರೇ ಅಷ್ಟು. ದಪ್ಪ ಪೈಪಿನ ಒಳಗೆ ಸಣ್ಣ ಧಾರೆ ಹರಿಯುತ್ತದೆ, ಅಷ್ಟೆ. ಕೊಡ ತುಂಬಲು ಅದೇ ಎರಡು ನಿಮಿಷ.

ಇನ್ನೊಂದು ರೀತಿ ನೋಡಿ. ಊರ ಟ್ಯಾಂಕಿನಿಂದ ನೀರು ಭರ್ತಿಯಾಗಿ ಬರುತ್ತಿದೆ. ಆದರೆ ನಿಮ್ಮ ಹಿತ್ತಲಿಗೆ ಎಳೆದ ಪೈಪು ಮಡಚಿಕೊಂಡಿದೆ. ಅದರ ಮೇಲೆ ಯಾರೋ ಕಲ್ಲಿಟ್ಟಿದ್ದಾರೆ. ಆಗ ಹಿತ್ತಲಿನಲ್ಲಿ ನೀರು ತೊಟ್ಟಿಕ್ಕುತ್ತದೆ. ವಾಟರ್‌ಮ್ಯಾನ್‌ನ ಬೈದರೆ ಪ್ರಯೋಜನ ಉಂಟೇ? ಕಲ್ಲು ಎತ್ತಬೇಕು.

ನೆಟ್ಟೂ ಹೀಗೇ. ಎರಡು ದಾರಿಯಲ್ಲಿ ಯಾವುದು ಕಿರಿದೋ ಅದರ ವೇಗವೇ ನಿಮಗೆ ಸಿಗುವುದು. ತಂತಿಯಲ್ಲಿ 30 ಬರುತ್ತಿದ್ದರೆ, ವೈಫೈ 144 ಇದ್ದರೂ ನಿಮಗೆ ಸಿಗುವುದು 30. ತಂತಿಯಲ್ಲಿ 100 ಬರುತ್ತಿದ್ದು, ಅಡುಗೆಮನೆಯಲ್ಲಿ ವೈಫೈ ಬರೀ 10 ಇದ್ದರೆ, ಅಡುಗೆಮನೆಯಲ್ಲಿ ಸಿಗುವುದು 10ಕ್ಕಿಂತ ಕಡಿಮೆ.

ಎಂಬಿಪಿಎಸ್ ಅಂದರೆ ಏನು?

ಅಕ್ಕಿಯನ್ನು ಸೇರಿನಲ್ಲಿ ಅಳೆಯುತ್ತಿದ್ದರು, ಪಾವಿನಲ್ಲೂ ಅಳೆಯುತ್ತಿದ್ದರು. ನಾಲ್ಕು ಪಾವಿಗೆ ಒಂದು ಸೇರು. ನೆಟ್ಟಿನಲ್ಲೂ ಎರಡು ಅಳತೆ ಇದೆ. ಚಿಕ್ಕ ಅಳತೆಗೆ ಬಿಟ್ ಅಂತ ಹೆಸರು. ದೊಡ್ಡ ಅಳತೆಗೆ ಬೈಟ್ ಅಂತ ಹೆಸರು. ಎಂಟು ಬಿಟ್ಟಿಗೆ ಒಂದು ಬೈಟ್.

ಕಂಪನಿಯವರು ವೇಗ ಹೇಳುವುದು ಚಿಕ್ಕ ಅಳತೆಯಲ್ಲಿ. 30 ಎಂಬಿಪಿಎಸ್ ಅಂದರೆ ಒಂದು ಸೆಕೆಂಡಿಗೆ 30 ಮೆಗಾಬಿಟ್. ಒಂದು ಮೆಗಾ ಅಂದರೆ ಹತ್ತು ಲಕ್ಷ. ಆದರೆ ಮೊಬೈಲಿನಲ್ಲಿ ಹಾಡು, ಫೋಟೊ, ವಿಡಿಯೊ ಎಷ್ಟು ದೊಡ್ಡದು ಅಂತ ತೋರಿಸುವುದು ದೊಡ್ಡ ಅಳತೆಯಲ್ಲಿ. ಅದಕ್ಕೆ ಎಂಬಿ ಅಂತಾರೆ, ಮೆಗಾಬೈಟ್. ಎರಡೂ ಎಂಬಿ ಅಂತಲೇ ಶುರುವಾಗುತ್ತವೆ. ಜನ ಮೋಸ ಹೋಗುವುದು ಇಲ್ಲೇ. ಪಾವಿನಲ್ಲಿ ಅಳೆದು ಸೇರು ಅಂತ ಹೇಳಿದ ಹಾಗೆ ಕೇಳಿಸುತ್ತದೆ.

ಲೆಕ್ಕ ಮಾಡೋಣ. ನಿಮ್ಮ ಮಗಳು ಪಾಠದ ಒಂದು ವಿಡಿಯೊ ಇಳಿಸಿಕೊಳ್ಳಬೇಕು. ಅದು 300 ಎಂಬಿ ಇದೆ. ಎಂಟರಿಂದ ಗುಣಿಸಿ. 2,400 ಮೆಗಾಬಿಟ್ ಆಯಿತು. ವೇಗ 30. 2,400ನ್ನು 30ರಿಂದ ಭಾಗಿಸಿ. 80 ಸೆಕೆಂಡು ಬಂತು. ಒಂದು ನಿಮಿಷ ಇಪ್ಪತ್ತು ಸೆಕೆಂಡು. ಅನ್ನಕ್ಕೆ ಇಟ್ಟ ನೀರು ಕುದಿಯುವುದರೊಳಗೆ ಮುಗಿಯುತ್ತದೆ.

ಅದೇ ವೇಗ 2 ಇದ್ದರೆ? 1,200 ಸೆಕೆಂಡು, ಅಂದರೆ 20 ನಿಮಿಷ.

ಹಿಂದೆ ಎಷ್ಟು ನಿಧಾನ ಇತ್ತು ಗೊತ್ತೇ? ನಮ್ಮ ದೇಶದಲ್ಲಿ ಸಾಮಾನ್ಯ ಜನಕ್ಕೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಆಗ ಟೆಲಿಫೋನ್ ತಂತಿಯಲ್ಲೇ ಬರುತ್ತಿತ್ತು. ಒಂದು ಫೋಟೊ ಮೇಲಿನಿಂದ ಕೆಳಗೆ ಎಳೆ ಎಳೆಯಾಗಿ ಇಳಿಯುತ್ತಿತ್ತು. 2004ರಲ್ಲಿ ಸರ್ಕಾರ ಒಂದು ನಿಯಮ ಮಾಡಿತು. ಕಡಿಮೆ ಅಂದರೂ 256 ಕೆಬಿಪಿಎಸ್ ಇದ್ದರೆ ಮಾತ್ರ ಅದನ್ನು ಬ್ರಾಡ್‌ಬ್ಯಾಂಡ್ ಅಂತ ಕರೆಯಬೇಕು ಅಂತ. ಅಂದರೆ ಒಂದು ಎಂಬಿಪಿಎಸ್‌ನ ಕಾಲು ಭಾಗ. ಆ ವೇಗದಲ್ಲಿ ಈ ಪಾಠದ ವಿಡಿಯೊ ಇಳಿಯಲು ಎರಡೂವರೆ ಗಂಟೆಗೂ ಹೆಚ್ಚು ಬೇಕು. 2013ರಲ್ಲಿ ಅದನ್ನು 512 ಮಾಡಿದರು. 2023ರಲ್ಲಿ 2 ಎಂಬಿಪಿಎಸ್ ಮಾಡಿದರು.

ಎಲ್ಲ ಕೆಲಸಕ್ಕೂ ದೊಡ್ಡ ವೇಗ ಬೇಕಾಗಿಲ್ಲ ಅನ್ನುವುದನ್ನೂ ನೆನಪಿಡಿ. ವಿಡಿಯೊ ಕರೆ ಮಾಡಿ ಮಗನ ಮುಖ ನೋಡಲು 1ರಿಂದ 3 ಎಂಬಿಪಿಎಸ್ ಇದ್ದರೆ ನಡೆಯುತ್ತದೆ. ಸ್ಪಷ್ಟವಾಗಿ ಒಂದು ಸಿನಿಮಾ ನೋಡಲು 5 ಇದ್ದರೆ ಆಯಿತು. ಫೋನ್‌ಪೇಯಲ್ಲಿ ಹಣ ಕಳಿಸಲು ಅಷ್ಟೂ ಬೇಡ. ಹಣ ಮಧ್ಯದಲ್ಲಿ ಸಿಕ್ಕಿಕೊಂಡರೆ ಅದು ವೇಗದ ತೊಂದರೆ ಆಗಿರುವುದು ಕಡಿಮೆ. ಬ್ಯಾಂಕಿನ ಕಡೆ ತೊಂದರೆ ಇರಬಹುದು.

ಡಬ್ಬಿಯ ಮೇಲಿನ 300, 1200

ಒಬ್ಬ ಟೈಲರಕ್ಕ ಇದ್ದಾರೆ ಅಂತ ಇಟ್ಟುಕೊಳ್ಳೋಣ. ಹಳೆಯ ಮಣ್ಣಿನ ಗೋಡೆಯ ಮನೆ. ಪಡಸಾಲೆಯಲ್ಲಿ ವೈಫೈ ಡಬ್ಬಿ. ಹಿಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು. ಗಿರಾಕಿಗಳು ರವಿಕೆಯ ಡಿಸೈನನ್ನು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಕುತ್ತಿಗೆ ಹೇಗೆ, ತೋಳು ಹೇಗೆ ಅಂತ ವಿಡಿಯೊ ಹಾಕುತ್ತಾರೆ. ಮಗಳು ಪಿಯುಸಿ. ಅವಳ ಪಾಠವೂ ಮೊಬೈಲಿನಲ್ಲೇ. ಬಿಲ್ಲು 30 ಎಂಬಿಪಿಎಸ್‌ಗೆ ಕಟ್ಟುತ್ತಾರೆ. ಆದರೆ ಹಿಂದಿನ ಕೋಣೆಯಲ್ಲಿ ವಿಡಿಯೊ ಸುತ್ತುತ್ತಲೇ ಇರುತ್ತದೆ.

ಅಂಗಡಿಯವನು ಹೇಳಿದ, “ಅಕ್ಕ, ನಿಮ್ಮ ಡಬ್ಬಿ ಹಳೇದು. ಅದು ಬರೀ 300ರದ್ದು. ಈ 1200 ಡಬ್ಬಿ ಹಾಕ್ಕೊಳ್ಳಿ. ನಾಲ್ಕು ಪಟ್ಟು ಸ್ಪೀಡು. 2,200 ರೂಪಾಯಿ ಅಷ್ಟೇ.”

ಕಂಪನಿಗೆ ಫೋನ್ ಮಾಡಿದರೆ ಅಲ್ಲಿನ ಹುಡುಗಿ ಹೇಳಿದಳು, “ಮೇಡಂ, ನಿಮ್ಮ ಪ್ಲಾನ್ ಚಿಕ್ಕದು. 100 ಎಂಬಿಪಿಎಸ್‌ಗೆ ಹೋಗಿ. ತಿಂಗಳಿಗೆ 300 ರೂಪಾಯಿ ಜಾಸ್ತಿ ಅಷ್ಟೇ.”

ಅಷ್ಟೇ ಅನ್ನುವ ಮಾತನ್ನು ಇಬ್ಬರೂ ಹೇಳಿದರು. ತಿಂಗಳಿಗೆ 300 ಅಂದರೆ ವರ್ಷಕ್ಕೆ 3,600. ಅದು ಎಷ್ಟು ರವಿಕೆಯ ಕೂಲಿ? ಅಕ್ಕ ಸಂಘದಲ್ಲಿ ಸಾಲ ಕೇಳೋಣ ಅಂತ ಯೋಚನೆ ಮಾಡಿದರು.

ಸ್ವಲ್ಪ ತಾಳಿ. ಸಾಲ ಕೇಳುವ ಮೊದಲು ಆ 300, 1200 ಏನು ಅಂತ ನೋಡೋಣ.

ಡಬ್ಬಿಯ ಮೇಲೆ ಬರೆದಿರುವುದು ಎರಡನೆಯ ದಾರಿಯ ವೇಗ. ಅಂದರೆ ಡಬ್ಬಿಯಿಂದ ಮೊಬೈಲಿಗೆ. ಅದೂ ನಡುವೆ ಒಂದೂ ಗೋಡೆ ಇಲ್ಲದೆ, ಹತ್ತಿರದಲ್ಲಿ, ಬೇರೆ ಯಾರೂ ಬಳಸದೆ ಇರುವಾಗ. ಮನೆಗೆ ತಂತಿಯಲ್ಲಿ ಬರುವುದು 30 ಆದರೆ, ಡಬ್ಬಿ 300 ಇದ್ದರೇನು, 1200 ಇದ್ದರೇನು? ಅರ್ಧ ಇಂಚಿನ ನಲ್ಲಿಗೆ ದಪ್ಪ ಪೈಪು ಸಿಕ್ಕಿಸಿದ ಹಾಗೆ.

ಈ 1200 ಅನ್ನುವುದರಲ್ಲಿ ಇನ್ನೊಂದು ಜಾಣತನ ಇದೆ. ಇಂಥ ಡಬ್ಬಿಯಲ್ಲಿ ಎರಡು ಬಗೆಯ ಅಲೆ ಇರುತ್ತದೆ. ಒಂದರ ವೇಗ 300. ಇನ್ನೊಂದರದು 867. ಎರಡನ್ನೂ ಕೂಡಿಸಿ, ಸ್ವಲ್ಪ ಮೇಲೇರಿಸಿ 1200 ಅಂತ ಬರೆಯುತ್ತಾರೆ. ಆದರೆ ನಿಮ್ಮ ಮೊಬೈಲು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದು ಅಲೆಯನ್ನು ಮಾತ್ರ ಹಿಡಿಯುತ್ತದೆ. ಒಂದು ಕಾಲಲ್ಲಿ ಒಂದು ಚಪ್ಪಲಿ ತಾನೇ ಹಾಕುವುದು? ಇನ್ನೂ ತಮಾಷೆ ಅಂದರೆ, ಕೆಲವು 1200 ಡಬ್ಬಿಗಳಲ್ಲಿ ತಂತಿ ಸಿಕ್ಕಿಸುವ ತೂತು ಬರೀ 100 ಎಂಬಿಪಿಎಸ್‌ನದು. ಒಳಗೆ ಬರುವುದೇ 100. ಹೊರಗೆ 1200 ಎಲ್ಲಿಂದ ಕೊಡುತ್ತದೆ?

ಮೊಬೈಲಿನಲ್ಲಿ ಕಾಣುವ 144 ಕೂಡ ಪೂರ್ತಿ ಕೈಗೆ ಸಿಗುವುದಿಲ್ಲ. ಸುಮಾರು ಅರ್ಧ ಸಿಕ್ಕರೆ ಒಳ್ಳೆಯದು. ಯಾಕೆ? ವೈಫೈ ಅಂದರೆ ಒಂದೇ ರಾಟೆ ಇರುವ ಬಾವಿ. ಒಂದು ಸಲಕ್ಕೆ ಒಬ್ಬರು ನೀರು ಸೇದಬೇಕು. ಮಿಕ್ಕವರು ಕಾಯಬೇಕು. “ಯಾರಾದ್ರೂ ಸೇದ್ತಾ ಇದ್ದೀರಾ?” ಅಂತ ಕೇಳಬೇಕು. “ನಂದು ಮುಗೀತು” ಅಂತ ಹೇಳಬೇಕು. ಡಬ್ಬಿಯೂ ಮೊಬೈಲೂ ಹೀಗೇ ಕೇಳಿ, ಹೇಳಿ, ಕಾದು ಕೆಲಸ ಮಾಡುತ್ತವೆ. ಅದಕ್ಕೇ ಅರ್ಧ ಹೊತ್ತು ಹೋಗುತ್ತದೆ.

ಬಾವಿಯಲ್ಲಿ ವಯಸ್ಸಾದ ಅಜ್ಜಿ ಸೇದಲು ನಿಂತರೆ ಏನಾಗುತ್ತದೆ? ಅವರದು ನಿಧಾನ. ಹಿಂದೆ ನಿಂತ ಹುಡುಗಿಯರೂ ಕಾಯಬೇಕು. ವೈಫೈನಲ್ಲೂ ದೂರದ ಕೋಣೆಯಲ್ಲಿ ಒಂದು ಹಳೆಯ ಮೊಬೈಲು ಕಷ್ಟಪಟ್ಟು ಸಿನಿಮಾ ಇಳಿಸುತ್ತಿದ್ದರೆ, ಡಬ್ಬಿಯ ಪಕ್ಕದಲ್ಲೇ ಕೂತವರಿಗೂ ನಿಧಾನವಾಗುತ್ತದೆ.

ಗೋಡೆ, ಬೀರು, ನೀರು

ವೈಫೈ ಅಲೆಗೆ ದೊಡ್ಡ ಶತ್ರು ಗೋಡೆ. ತೆಳು ಇಟ್ಟಿಗೆ ಗೋಡೆಯನ್ನು ದಾಟುತ್ತದೆ. ಮೊಳದಷ್ಟು ದಪ್ಪದ ಮಣ್ಣಿನ ಗೋಡೆ, ಕಲ್ಲಿನ ಗೋಡೆ, ಕಬ್ಬಿಣದ ಸರಳು ಹಾಕಿದ ಕಾಂಕ್ರೀಟು, ಇವನ್ನು ದಾಟಲು ತುಂಬ ಕಷ್ಟ. ಕಬ್ಬಿಣದ ಬೀರು ಇದ್ದರೆ ಅಲೆ ಅದಕ್ಕೆ ಬಡಿದು ಹಿಂದಕ್ಕೆ ಹೋಗುತ್ತದೆ. ಕನ್ನಡಿಯೂ ಹಾಗೇ. ನೀರು ಅಲೆಯನ್ನು ಕುಡಿದುಬಿಡುತ್ತದೆ. ಸಿಂಟೆಕ್ಸ್ ಟ್ಯಾಂಕಿನ ಹಿಂದೆ ಕೂತರೆ ವೈಫೈ ಸಿಗದೆ ಇರುವುದು ಇದಕ್ಕೇ. ಮನುಷ್ಯರ ಮೈಯಲ್ಲೂ ನೀರೇ ಹೆಚ್ಚು. ಮದುವೆ ಮನೆಯಲ್ಲಿ ಜನ ತುಂಬಿದಾಗ ವೈಫೈ ಸೋಲುತ್ತದೆ, ನೋಡಿ.

ಈಗ ಎರಡು ಬಗೆಯ ಅಲೆಯ ವಿಷಯ. ಒಂದಕ್ಕೆ 2.4 ಅಂತಾರೆ. ಇನ್ನೊಂದಕ್ಕೆ 5 ಅಂತಾರೆ. ಊರ ಜಾತ್ರೆಯಲ್ಲಿ ಡೊಳ್ಳು ಬಾರಿಸಿದರೆ ಪಕ್ಕದೂರಿಗೆ ಕೇಳುತ್ತದೆ. ಬಾಗಿಲು ಹಾಕಿದ್ದರೂ ಎದೆಗೆ ಬಡಿಯುತ್ತದೆ. ಕೊಳಲು ಹಾಗಲ್ಲ. ಹತ್ತಿರ ಇದ್ದರೆ ಇಂಪು. ಗೋಡೆ ಅಡ್ಡ ಬಂದರೆ ಕೇಳುವುದಿಲ್ಲ. 2.4 ಡೊಳ್ಳಿನ ಹಾಗೆ. ದೂರ ಹೋಗುತ್ತದೆ, ಆದರೆ ವೇಗ ಕಡಿಮೆ. 5 ಕೊಳಲಿನ ಹಾಗೆ. ವೇಗ ಹೆಚ್ಚು, ಆದರೆ ಗೋಡೆ ದಾಟಲು ಕಷ್ಟ. ಪೇಟೆಯಲ್ಲಿ ಮನೆಗೊಂದು ಡಬ್ಬಿ. ಎಲ್ಲರ ಡೊಳ್ಳೂ ಒಟ್ಟಿಗೆ ಬಡಿಯುತ್ತಿರುತ್ತದೆ. ಅಲ್ಲಿ 2.4 ಇನ್ನೂ ನಿಧಾನ. ಅಡುಗೆ ಬಿಸಿ ಮಾಡುವ ಮೈಕ್ರೋವೇವ್ ಒಲೆ ಕೂಡ 2.4ರ ಅಲೆಯಲ್ಲೇ ಕೆಲಸ ಮಾಡುತ್ತದೆ. ಅದು ಓಡುವಾಗ ಪಕ್ಕದಲ್ಲಿ ವೈಫೈ ತಡವರಿಸುತ್ತದೆ.

ಕೆಲವು ಮನೆಗಳಲ್ಲಿ ವೈಫೈ ಹೆಸರು ಎರಡು ಸಲ ಕಾಣುತ್ತದೆ. ಒಂದರ ಕೊನೆಯಲ್ಲಿ 5ಜಿ ಅಂತ ಇರುತ್ತದೆ. ಇದು ಮೊಬೈಲ್ ಕಂಪನಿಯ 5ಜಿ ಅಲ್ಲ. ಮೊಬೈಲಿನ 5ಜಿ ಅಂದರೆ ಐದನೆಯ ತಲೆಮಾರು. ನಮ್ಮ ದೇಶದಲ್ಲಿ ಅದು 2022ರ ಅಕ್ಟೋಬರಿನಲ್ಲಿ ಶುರುವಾಯಿತು. ಡಬ್ಬಿಯ 5ಜಿ ಅಂದರೆ ಆ ಕೊಳಲಿನ ಅಲೆ, 5 ಗಿಗಾಹರ್ಟ್ಸ್. ಹೆಸರು ಒಂದೇ ಥರ, ವಸ್ತು ಬೇರೆ. ಈ ಹೆಸರಿಟ್ಟವರು ಸ್ವಲ್ಪ ಯೋಚನೆ ಮಾಡಬೇಕಿತ್ತು.

ಯಾವ ದಾರಿ ಕಿರಿದು? ನೀವೇ ನೋಡಿ

ಇದಕ್ಕೆ ಯಾರನ್ನೂ ಕರೆಸಬೇಕಾಗಿಲ್ಲ. ಒಂದು ಚೀಟಿ, ಒಂದು ಪೆನ್ನು, ಒಂದು ಮೊಬೈಲು ಸಾಕು.

ವೇಗ ಅಳೆಯುವ ಆಪ್‌ಗಳು ಇವೆ. ಟ್ರಾಯ್ ಅನ್ನುವುದು ದೂರಸಂಪರ್ಕ ಕಂಪನಿಗಳ ಮೇಲೆ ಕಣ್ಣಿಡುವ ಸಂಸ್ಥೆ. ಅದು 2016ರಲ್ಲಿ ಮೈಸ್ಪೀಡ್ ಅಂತ ಒಂದು ಆಪ್ ತಂದಿತು. ಬೇರೆಯವೂ ಇವೆ. ಯಾವುದಾದರೂ ಒಂದನ್ನು ಹಾಕಿಕೊಳ್ಳಿ. ಅಳೆಯುವಾಗ ಮೊಬೈಲ್ ಡೇಟಾ ಆಫ್ ಮಾಡಿ, ವೈಫೈ ಮಾತ್ರ ಆನ್ ಇಡಿ. ಇಲ್ಲದಿದ್ದರೆ ಯಾವುದನ್ನು ಅಳೆದೆವು ಅಂತ ಗೊತ್ತಾಗುವುದಿಲ್ಲ.

ಚೀಟಿಯಲ್ಲಿ ಮೊದಲು ಬಿಲ್ಲಿನ ಸಂಖ್ಯೆ ಬರೆಯಿರಿ. ಆಮೇಲೆ ಮನೆಯ ಬೇರೆ ಮೊಬೈಲು, ಟಿವಿ ಎಲ್ಲದರ ವೈಫೈ ತೆಗೆಸಿ. ಡಬ್ಬಿಯಿಂದ ಎರಡು ಮೂರು ಅಡಿ ದೂರದಲ್ಲಿ ನಿಂತು ಅಳೆಯಿರಿ. ಬಂದ ಸಂಖ್ಯೆ ಬರೆಯಿರಿ. ನಂತರ ನೀವು ದಿನಾ ಕೂತು ಕೆಲಸ ಮಾಡುವ ಜಾಗಕ್ಕೆ ಹೋಗಿ ಅಳೆಯಿರಿ. ಅದನ್ನೂ ಬರೆಯಿರಿ. ಬೆಳಿಗ್ಗೆ ಒಂದು ಸಲ, ರಾತ್ರಿ ಎಂಟು ಗಂಟೆಗೆ ಒಂದು ಸಲ ಮಾಡಿದರೆ ಇನ್ನೂ ಒಳ್ಳೆಯದು. ರಾತ್ರಿ ಊರೆಲ್ಲ ನೋಡುತ್ತಿರುತ್ತದೆ. ಬೀದಿ ನಲ್ಲಿ ಎಲ್ಲರೂ ಒಟ್ಟಿಗೆ ತಿರುಗಿಸಿದ ಹಾಗೆ.

ನಮ್ಮ ಟೈಲರಕ್ಕನ ಚೀಟಿಯಲ್ಲಿ ಹೀಗೆ ಬಂತು ಅಂತ ಇಟ್ಟುಕೊಳ್ಳಿ. ಬಿಲ್ಲಿನಲ್ಲಿ 30. ಡಬ್ಬಿಯ ಹತ್ತಿರ 28. ಹೊಲಿಗೆ ಮಿಷನ್ನಿನ ಹತ್ತಿರ 6.

ಏನು ಅರ್ಥ? ಕಂಪನಿ ಕೊಡಬೇಕಾದ್ದನ್ನು ಕೊಡುತ್ತಿದೆ. ತಂತಿಯ ದಾರಿ ಸರಿ ಇದೆ. ಡಬ್ಬಿಯೂ ಸರಿ ಇದೆ. ಪಡಸಾಲೆಯಿಂದ ಹಿಂದಿನ ಕೋಣೆಗೆ ಹೋಗುವಷ್ಟರಲ್ಲಿ 28 ಇದ್ದದ್ದು 6 ಆಗುತ್ತಿದೆ. ನಡುವೆ ಕಲ್ಲಿದೆ. ಅವರ ಮನೆಯಲ್ಲಿ ಆ ಕಲ್ಲು ಎರಡು ಮಣ್ಣಿನ ಗೋಡೆ ಮತ್ತು ಒಂದು ಬೀರು. ಡಬ್ಬಿಯನ್ನು ಬೀರಿನ ಹಿಂದೆ, ನೆಲದ ಹತ್ತಿರ ಇಟ್ಟಿದ್ದರು. ಮಕ್ಕಳ ಕೈಗೆ ಸಿಗದಿರಲಿ ಅಂತ.

ಇಲ್ಲಿ ಕಂಪನಿಯ 100ರ ಪ್ಲಾನ್ ಹಾಕಿಸಿದ್ದರೆ? ಡಬ್ಬಿಯವರೆಗೆ 100 ಬರುತ್ತಿತ್ತು. ಮಿಷನ್ನಿನ ಹತ್ತಿರ ಅದೇ 6. ತಿಂಗಳಿಗೆ 300 ರೂಪಾಯಿ ಬೀರಿನ ಹಿಂದೆ ಹೋಗುತ್ತಿತ್ತು. 1200ರ ಡಬ್ಬಿ ತಂದು ಅದೇ ಬೀರಿನ ಹಿಂದೆ ಇಟ್ಟಿದ್ದರೆ ಅದರ ವೇಗದ ಅಲೆ ಮಣ್ಣಿನ ಗೋಡೆ ದಾಟುವುದೇ ಕಷ್ಟ. ಹಳೆಯ ಡಬ್ಬಿಯನ್ನೇ ನಡುಮನೆಯ ಬಾಗಿಲ ಮೇಲೆ, ತಲೆಗಿಂತ ಎತ್ತರದಲ್ಲಿ ಮೊಳೆ ಹೊಡೆದು ತೂಗು ಹಾಕಿದರೆ, ಅಲೆಗೆ ಬಾಗಿಲಿನ ದಾರಿ ಸಿಗುತ್ತದೆ. 6 ಇದ್ದದ್ದು 20 ದಾಟಬಹುದು. ಖರ್ಚು ಎರಡು ಮೊಳೆ, ಸ್ವಲ್ಪ ಉದ್ದದ ತಂತಿ. ತಂತಿಯನ್ನು ಮಾತ್ರ ಕಂಪನಿಯ ಹುಡುಗನಿಂದಲೇ ಎಳೆಸಿ. ಒಳಗೆ ಗಾಜಿದೆ. ಚೂಪಾಗಿ ಮಡಚಿದರೆ ಬೆಳಕು ಸೋರಿ ಹೋಗುತ್ತದೆ, ಮುರಿದರೆ ಪೂರ್ತಿ ನಿಲ್ಲುತ್ತದೆ. ಬಟ್ಟೆ ಒಣಗಿಸಲು ಅದನ್ನು ಹಗ್ಗ ಮಾಡಿಕೊಳ್ಳಬೇಡಿ.

ನಿಮ್ಮ ಚೀಟಿಯಲ್ಲಿ ಬೇರೆ ಲೆಕ್ಕ ಬರಬಹುದು. ಬಿಲ್ಲಿನಲ್ಲಿ 30, ಡಬ್ಬಿಯ ಹತ್ತಿರವೇ 5, ಒಳಗೂ 5 ಬಂದರೆ? ಬೆಳಿಗ್ಗೆಯೂ ಹಾಗೇ, ರಾತ್ರಿಯೂ ಹಾಗೇ ಇದ್ದರೆ? ಆಗ ತಂತಿಯ ಕಡೆ ತೊಂದರೆ ಇದೆ. ಇದಕ್ಕೆ ನೀವು ಮೊಳೆ ಹೊಡೆದು ಪ್ರಯೋಜನವಿಲ್ಲ. ಕಂಪನಿಯವರು ಬರಬೇಕು. ಕರೆಯುವ ಮೊದಲು ಒಂದು ವಿಷಯ ನೋಡಿಕೊಳ್ಳಿ. ತಿಂಗಳಿಗೆ ಇಷ್ಟು ಜಿಬಿ ಅಂತ ಮಿತಿ ಇರುವ ಪ್ಲಾನ್‌ಗಳು ಇವೆ. ಅಷ್ಟು ಮುಗಿದ ಮೇಲೆ ಕಂಪನಿಯವರೇ ವೇಗ ಇಳಿಸುತ್ತಾರೆ. ಬಿಲ್ಲಿನಲ್ಲಿ ಇದನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಓದಲು ಬಂದಿದೆಯಲ್ಲ, ಸಣ್ಣ ಅಕ್ಷರವನ್ನೇ ಮೊದಲು ಓದಿ. “30 ಎಂಬಿಪಿಎಸ್‌ವರೆಗೆ” ಅಂತ ಇದ್ದರೆ ಆ “ವರೆಗೆ” ಅನ್ನುವುದಕ್ಕೂ ಗೆರೆ ಎಳೆಯಿರಿ. ಮೇಲಿನ ಮಿತಿ ಹೇಳಿದ್ದಾರೆ. ಕೆಳಗಿನ ಮಿತಿ ಹೇಳಿಲ್ಲ.

ಬಿಲ್ಲಿನಲ್ಲಿ 30, ಹತ್ತಿರ 28, ಒಳಗೆ 26 ಬಂದರೆ ಎರಡೂ ದಾರಿ ಚೆನ್ನಾಗಿದೆ. ಹಾಗಿದ್ದೂ ರಾತ್ರಿ ಹೊತ್ತು ಸಾಲದು ಅನ್ನಿಸಿದರೆ, ಮನೆಯಲ್ಲಿ ಬಳಸುವ ಬಾಯಿಗಳು ಹೆಚ್ಚಾಗಿವೆ ಅಂತ ಅರ್ಥ. ಟಿವಿಯಲ್ಲಿ ಸಿನಿಮಾ, ಮಗನಿಗೆ ಆಟ, ಮಗಳಿಗೆ ಪಾಠ, ಪಕ್ಕದ ಮನೆಯವರಿಗೂ ಪಾಸ್‌ವರ್ಡ್ ಕೊಟ್ಟಾಗಿದೆ. 30ರಲ್ಲಿ ಎಲ್ಲರಿಗೂ ಪಾಲು. ದೊಡ್ಡ ಪ್ಲಾನ್ ತೆಗೆದುಕೊಂಡರೆ ಕೆಲಸಕ್ಕೆ ಬರುವುದು ಇಂಥ ಕಡೆ ಮಾತ್ರ. ಅದಕ್ಕಿಂತ ಮೊದಲು ಪಾಸ್‌ವರ್ಡ್ ಬದಲಾಯಿಸಿ ನೋಡಬಹುದು. ಪಕ್ಕದ ಮನೆಯವರ ಜೊತೆ ಮನಸ್ತಾಪ ಆಗದ ಹಾಗೆ ಹೇಗೆ ಮಾಡುವುದು ಅನ್ನುವುದನ್ನು ನಿಮಗೆ ಬಿಟ್ಟಿದ್ದೇವೆ.

ಕೆಲವು ಸಲ ಎರಡೂ ದಾರಿ ಸರಿಯಿದ್ದು ಆ ಕಡೆಯ ಮನೆಯೇ ಗಿಜಿಗುಟ್ಟುತ್ತಿರುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ದಿನ ನೋಡಿ. ರಾಜ್ಯದ ಲಕ್ಷಾಂತರ ಮಕ್ಕಳು ಒಂದೇ ಹೊತ್ತಿಗೆ ಒಂದೇ ಬಾಗಿಲು ತಟ್ಟುತ್ತಾರೆ. ಆಗ ನಿಮ್ಮ ನೆಟ್ಟನ್ನು ಬೈದು ಉಪಯೋಗವಿಲ್ಲ. ಅರ್ಧ ಗಂಟೆ ಬಿಟ್ಟು ನೋಡಿ.

ಬೀಸಣಿಗೆ ತುಂಬಿದೆ, ನೆಟ್ಟಿಲ್ಲ

ಮೊಬೈಲಿನ ಮೇಲ್ಗಡೆ ಬೀಸಣಿಗೆಯಂಥ ಗುರುತು ಇರುತ್ತದೆ. ಅದು ತುಂಬಿದ್ದರೆ ನೆಟ್ಟು ಚೆನ್ನಾಗಿದೆ ಅಂತ ಎಲ್ಲರೂ ತಿಳಿಯುತ್ತಾರೆ. ಆ ಬೀಸಣಿಗೆ ಹೇಳುವುದು ಡಬ್ಬಿಗೂ ಮೊಬೈಲಿಗೂ ನಡುವಿನ ದಾರಿಯ ವಿಷಯ ಮಾತ್ರ. ರಸ್ತೆಯಲ್ಲಿ ಜೆಸಿಬಿ ಅಗೆದು ತಂತಿ ತುಂಡಾದರೂ ಬೀಸಣಿಗೆ ಹಾಗೇ ತುಂಬಿರುತ್ತದೆ. ಟ್ಯಾಂಕು ಖಾಲಿಯಾದರೂ ನಲ್ಲಿ ಗೋಡೆಯಲ್ಲೇ ಇರುವುದಿಲ್ಲವೇ? ಆಗ ಮೊಬೈಲಿನಲ್ಲಿ “ಇಂಟರ್ನೆಟ್ ಇಲ್ಲ” ಅಂತ ಬರಬಹುದು, ಇಲ್ಲವೇ ಬೀಸಣಿಗೆಯ ಪಕ್ಕ ಒಂದು ಆಶ್ಚರ್ಯದ ಚಿಹ್ನೆ ಕಾಣಬಹುದು.

ಗಾಜಿನ ತಂತಿ ಬರುವ ಡಬ್ಬಿಯಲ್ಲಿ ಸಾಮಾನ್ಯವಾಗಿ ಎಲ್‌ಒಎಸ್ ಅಂತ ಒಂದು ದೀಪ ಇರುತ್ತದೆ. ಅದು ಕೆಂಪಾಗಿ ಹತ್ತಿದರೆ ಬೆಳಕು ಡಬ್ಬಿಯವರೆಗೆ ಬರುತ್ತಿಲ್ಲ ಅಂತ ಅರ್ಥ. ಡಬ್ಬಿಯನ್ನು ನೂರು ಸಲ ಆಫ್ ಮಾಡಿ ಆನ್ ಮಾಡಿದರೂ ಅದು ಸರಿಹೋಗುವುದಿಲ್ಲ.

2020, 2021ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದ್ದವು. ಮಲೆನಾಡಿನ, ಕರಾವಳಿಯ ಎಷ್ಟೋ ಊರುಗಳಲ್ಲಿ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು. ಮಳೆಯಲ್ಲಿ ಟಾರ್ಪಾಲಿನ ಕೆಳಗೆ ಕೂತು ಪಾಠ ಕೇಳಿದರು. ಅಲ್ಲಿ ತೊಂದರೆ ಇದ್ದದ್ದು ಬೀರಿನದಲ್ಲ, ಗೋಡೆಯದಲ್ಲ. ಆ ಊರುಗಳ ತನಕ ಸರಿಯಾದ ದಾರಿಯೇ ಬಂದಿರಲಿಲ್ಲ. ಅಂಥ ಕಡೆ ಒಂದು ಮನೆಯವರು ಡಬ್ಬಿ ಬದಲಾಯಿಸಿ ಏನೂ ಆಗುವುದಿಲ್ಲ. ಗ್ರಾಮಸಭೆಯಲ್ಲಿ ಕೇಳಬೇಕಾದ ವಿಷಯ ಅದು.

ಕಂಪನಿಗೆ ಫೋನ್ ಮಾಡುವಾಗ “ನೆಟ್ ಸ್ಲೋ ಇದೆ” ಅಂತ ಮಾತ್ರ ಹೇಳಿದರೆ, “ಡಬ್ಬಿ ಆಫ್ ಮಾಡಿ ಆನ್ ಮಾಡಿ” ಅಂತ ಹೇಳಿ ಇಟ್ಟುಬಿಡುತ್ತಾರೆ. ಚೀಟಿ ಕೈಯಲ್ಲಿ ಹಿಡಿದು ಹೀಗೆ ಹೇಳಿ:

“ನೋಡಮ್ಮ, ನನ್ನ ಪ್ಲಾನು 30. ಬೇರೆ ಎಲ್ಲ ಮೊಬೈಲೂ ತೆಗೆಸಿ, ಡಬ್ಬಿ ಪಕ್ಕದಲ್ಲೇ ನಿಂತು ಅಳ್ದಿದ್ದೀನಿ. ಬೆಳಿಗ್ಗೆ 5 ಬಂತು, ರಾತ್ರಿ 4 ಬಂತು. ಜಿಬಿ ಇನ್ನೂ ಮುಗ್ದಿಲ್ಲ. ಲೈನು ನೋಡೋಕೆ ಜನ ಕಳ್ಸಿ.”

ಅವರು ದೂರಿನ ಸಂಖ್ಯೆ ಕೊಡುತ್ತಾರೆ. ಕೊಡದಿದ್ದರೆ ಕೇಳಿ ಪಡೆಯಿರಿ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮನೆಯೊಳಗೆ, ಹಾಲಿನ ಲೆಕ್ಕ ಬರೆಯುವಲ್ಲೇ ಅದನ್ನು ಬರೆದಿಡಿ.